ಜಪಸರದ ಬಾಲ

ನಮ್ಮ ಮನೆಯಲ್ಲಿ ಬಟ್ಟೆ ಮೊದಲು ಹರಿಯುವುದು ಮೊಣಕಾಲಿನಲ್ಲಿ. ಬೇರೆಯವರ ಮನೆಯಲ್ಲಿ ಕಂಕುಳಲ್ಲಿ ಹರಿಯುತ್ತದೆ, ಕಾಲರಿನ ಹತ್ತಿರ ಸವೆಯುತ್ತದೆ, ಗಂಡಸರದ್ದಾದರೆ ಜೇಬಿನ ಮೂಲೆ ಕಿತ್ತು ಬರುತ್ತದೆ. ಅರ್ಧ ಆಯುಷ್ಯ ಹೊಲಿಗೆ ಮೆಷಿನಿನ ಮುಂದೆ ಕಳೆದವಳಾದ್ದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಇವತ್ತು ಬೆಳಿಗ್ಗೆ ನನ್ನದೇ ನೈಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡೂ ಮೊಣಕಾಲಿನ ಜಾಗದಲ್ಲಿ ಬಟ್ಟೆ ತೆಳ್ಳಗಾಗಿ ಆಚೆಯ ಬಸಳೆ ಚಪ್ಪರ ಕಾಣುತ್ತಿತ್ತು. ಹೊಸತು ತೆಗೆದುಕೊಂಡರೂ ಇದೇ ಗತಿ, ತೇಪೆಯೇ ಸಾಕು ಎಂದು ಸೂಜಿ ಹಿಡಿದು ಕುಳಿತೆ. ಕುಳಿತವಳಿಗೆ ಏನೇನೋ ನೆನಪಾಯಿತು.

ಮೊಣಕಾಲು ಹರಿಯುವುದಕ್ಕೆ ಭಕ್ತಿ ಕಾರಣ ಎಂದರೆ ನೀವು ನನ್ನನ್ನು ದೊಡ್ಡ ಸಂತಳೆಂದು ತಿಳಿದೀರಿ. ಹಾಗೇನಿಲ್ಲ. ಕಾರಣ ನಮ್ಮ ಮಾಂಯ್. ಕೊಂಕಣಿಯಲ್ಲಿ ಮಾಂಯ್ ಎಂದರೆ ಅತ್ತೆ. ಮನೆಯೊಳಗೆ ನಮ್ಮದು ಕೊಂಕಣಿಯೇ, ಅವರ ಮಾತನ್ನು ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ದೇವರ ಪೀಠದ ಮುಂದೆ ಮೊಣಕಾಲೂರಿ ಜಪಸರ ಹೇಳುವುದು ಪದ್ಧತಿ. ಐದು ರಹಸ್ಯ, ಅಂದರೆ ಹತ್ತು ಹತ್ತು ನಮೋ ಮರಿಯೆಯ ಐದು ಸುತ್ತು, ಒಂದು ಸ್ತುತಿಮಾಲೆ, ಮಾತೆ ಮರಿಯಮ್ಮನಿಗೆ ಒಂದು ಹಾಡು. ಆಮೇಲೆ ಕಿರಿಯರು ಹಿರಿಯರಿಗೆ ಕೈಮುಗಿದು 'ಬೆಸಾಂವ್' ಕೇಳುತ್ತಾರೆ, ಅಂದರೆ ಆಶೀರ್ವಾದ. ಅಲ್ಲಿಗೆ ಮುಗಿಯಿತು, ಎದ್ದು ಊಟಕ್ಕೆ. ಮೀಂಜದ ನಮ್ಮ ಈ ಮನೆಯಲ್ಲಿ ಮಾತ್ರ ಹಾಡಿಗೂ ಬೆಸಾಂವಿಗೂ ನಡುವೆ ಒಂದು ಬಾಲ ಉಂಟು.

ಬಾಲ ಎಂಬ ಹೆಸರು ನಾನು ಇಟ್ಟದ್ದು. ಮಾಂಯ್ ಎದುರು ಆ ಹೆಸರು ಹೇಳುವ ಧೈರ್ಯ ಮದುವೆಯಾಗಿ ಎಷ್ಟೋ ವರ್ಷ ಬರಲಿಲ್ಲ. ಮನೆಗೆ ಏನಾದರೂ ಕಷ್ಟ ಬಂದು, ಅದರಲ್ಲಿ ಏನಾದರೂ ಉಳಿದಿದ್ದರೆ, ಉಳಿದದ್ದಕ್ಕಾಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ತಂದೆಯ ಪ್ರಾರ್ಥನೆ ಒಂದನ್ನು ಜಪಸರದ ಕೊನೆಗೆ ಸೇರಿಸುವುದು ಮಾಂಯ್ ಮಾಡಿಕೊಂಡ ನಿಯಮ. ಒಮ್ಮೆ ಸೇರಿದ್ದು ಮತ್ತೆ ತೆಗೆಯಲಿಕ್ಕಿಲ್ಲ. ಕಷ್ಟಗಳು ನಿಲ್ಲದ ಕಾರಣ ಬಾಲವೂ ನಿಲ್ಲಲಿಲ್ಲ. ಅದು ಬೆಳೆಯಿತು.

ನಾನು ಹುಟ್ಟಿ ಬೆಳೆದದ್ದು ಮುಳ್ಳೇರಿಯದ ಆಚೆ. ಅಲ್ಲಿ ನಮ್ಮ ಅಪ್ಪ ಜಪಸರ ಹೇಳುತ್ತಿದ್ದದ್ದು ಕೊನೆಯ ಬಸ್ಸು ಹಿಡಿಯುವವರ ಹಾಗೆ. ಒಂದು ನಮೋ ಮರಿಯೆಯ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು ಒಟ್ಟು ಒಂದು ಝೇಂಕಾರ ಕೇಳುತ್ತಿತ್ತು ಅಷ್ಟೇ. ನಾನೂ ಅಣ್ಣನೂ ಈಚಲು ಚಾಪೆಯ ಮೇಲೆ ಮೊಣಕಾಲೂರುತ್ತಿದ್ದೆವು. ಎದ್ದ ಮೇಲೆ ಮೊಣಕಾಲಿನ ಚರ್ಮದ ಮೇಲೆ ಚಾಪೆಯ ಅಚ್ಚು ಮೂಡಿರುತ್ತಿತ್ತು. ಯಾರದ್ದು ಹೆಚ್ಚು ಆಳ ಎಂದು ಪಂಥ. ಅಣ್ಣ ಮೂರನೆಯ ರಹಸ್ಯಕ್ಕೆ ನಿದ್ದೆ ಹೋಗಿ ಮುಂದಕ್ಕೆ ವಾಲುತ್ತಿದ್ದ, ಅಮ್ಮ ಪ್ರಾರ್ಥನೆ ನಿಲ್ಲಿಸದೆ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದು ಕೂರಿಸುತ್ತಿದ್ದಳು. ಒಲೆಯ ಮೇಲೆ ಹಲಸಿನ ಬೀಜ ಬೇಯುವ ವಾಸನೆ ಬರುತ್ತಿತ್ತು. ದೇವರು ಎಂದರೆ ನನಗೆ ಈಗಲೂ ಮೊದಲು ಆ ವಾಸನೆಯೇ ಬರುತ್ತದೆ. ಅಂಥ ಚುರುಕಿನ ಮನೆಯಿಂದ ನಾನು ಇಲ್ಲಿಗೆ ಬಂದೆ.

ಬಂದ ಮೊದಲ ಸಂಜೆ ಮರಿಯಮ್ಮನ ಹಾಡು ಮುಗಿಯಿತೆಂದು ಎದ್ದು ನಿಂತುಬಿಟ್ಟೆ. ನೋಡಿದರೆ ಎಲ್ಲರೂ ಮೊಣಕಾಲಲ್ಲೇ ಇದ್ದಾರೆ. ರೇಷ್ಮೆ ಸೀರೆ ಉಟ್ಟ ಹೊಸ ಮದುಮಗಳು ಪೀಠದ ಮುಂದೆ ತೆಂಗಿನ ಮರದ ಹಾಗೆ ನಿಂತಿದ್ದಾಳೆ. ಮಾಂಯ್ ತಲೆ ಎತ್ತಿ ನೋಡಲೂ ಇಲ್ಲ. "ಕೆಂಪು ಹೇಂಟೆಗಾಗಿ" ಎಂದು ತಂದೆಯ ಪ್ರಾರ್ಥನೆ ಶುರು ಮಾಡಿದರು. ನಾನು ಮೆಲ್ಲ ಮತ್ತೆ ಕುಳಿತೆ. ಹೇಂಟೆಗಾಗಿಯೂ ಪ್ರಾರ್ಥನೆಯಾ ಎಂದು ಆಮೇಲೆ ಗಂಡ ಸಿರಿಲ್ ಹತ್ತಿರ ಕೇಳಿದರೆ, ಅವರು ಹುಟ್ಟುವ ಮೊದಲು ಯಾವುದೋ ರೋಗ ಬಂದು ಗೂಡಿನ ಕೋಳಿಗಳೆಲ್ಲ ಸತ್ತವಂತೆ, ಕೆಂಪು ಹೇಂಟೆ ಒಂದು ಉಳಿಯಿತಂತೆ. ಆ ಹೇಂಟೆಯನ್ನು ಕೊನೆಗೆ ಯಾರ ಹಬ್ಬಕ್ಕೋ ಸಾರು ಮಾಡಿ ಆಗಿತ್ತು. ಕೃತಜ್ಞತೆ ಮಾತ್ರ ಹಾಗೆಯೇ ನಡೆದುಕೊಂಡು ಬಂದಿತ್ತು.

ನಿಯಮದ ಕಷ್ಟದ ಭಾಗ ಇನ್ನೂ ಹೇಳಲಿಲ್ಲ. ಏನಾದರೂ ಆದ ದಿವಸ ಜಪಸರ ಮುಗಿಸಿ, ಹಳೆಯ ಬಾಲ ಪೂರ್ತಿ ಹೇಳಿ, ಮಾಂಯ್ ತಿರುಗಿ ನಮ್ಮೆಲ್ಲರ ಮುಖ ನೋಡಿ, "ಎಂತ ಉಳಿಯಿತು?" ಎಂದು ಕೇಳುತ್ತಿದ್ದರು. ಯಾರಾದರೂ ಒಬ್ಬರು ಹೇಳಬೇಕು. ಹೇಳುವ ತನಕ ಏಳಲಿಕ್ಕಿಲ್ಲ, ಊಟ ಇಲ್ಲ. ಹಸಿದ ಹೊಟ್ಟೆಯಲ್ಲಿ ಕೃತಜ್ಞತೆ ಹುಡುಕುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಅನುದಿನದ ಅನ್ನ ಕೇಳುವ ಸಾಲು ಬರುವಾಗ ಅಡುಗೆಮನೆಯಲ್ಲಿ ಅನುದಿನದ ಅನ್ನ ತಣ್ಣಗಾಗುತ್ತಿರುತ್ತಿತ್ತು. ನಮ್ಮ ಮನೆಯಲ್ಲಿ ಬಿಸಿ ಅನ್ನ ಉಂಡವರೆಂದರೆ ನೆಂಟರು ಮಾತ್ರ.

ಕಾಡುಹಂದಿ ಬಂದು ಮರಗೆಣಸನ್ನೆಲ್ಲ ಉತ್ತು ಹಾಕಿದ ದಿವಸ ಅರಸಿನ ಉಳಿಯಿತು ಎಂದು ಹೇಳಿದೆವು. ನನ್ನ ಸ್ಕೂಟರಿನ ಮೇಲೆ ತೆಂಗಿನ ಗೊನೆಯೇ ಬಿದ್ದು ಅದು ತಲೆ ತಗ್ಗಿಸಿಕೊಂಡಾಗ, ಅದರ ಮೇಲೆ ನಾನು ಇರಲಿಲ್ಲ ಎಂದು ಒಂದು. ಸಿರಿಲ್ ಕೆಲಸ ಮಾಡುತ್ತಿದ್ದ ಗಲ್ಫಿನ ಕಂಪೆನಿ ಬಾಗಿಲು ಹಾಕಿ ಅವರು ಒಂದು ಬ್ಯಾಗು ಹಿಡಿದು ವಾಪಸು ಬಂದಾಗ, ಪಾಸ್‌ಪೋರ್ಟ್ ಕೈಯಲ್ಲಿ ಉಂಟಲ್ಲ ಎಂದು ಒಂದು. ಆಗ ಅವರ ಮುಖ ನೋಡಬೇಕಿತ್ತು. ಮಗಳು ನೀಟಾ ಪ್ಲಸ್ ವನ್‌ನಲ್ಲಿ ಫೇಲಾದಾಗ ಒಂದೇ ಸಬ್ಜೆಕ್ಟಿನಲ್ಲಿ ಎಂದು ಒಂದು. ಇದನ್ನು ಹೇಳಿದ್ದು ಅವಳೇ, ಬಾಯಿಗೆ ಬಂದದ್ದೇ ತಡ ಎಂಬ ಹಾಗೆ. ಕಳೆದ ಮಳೆಗಾಲದ ಸಿಡಿಲಿಗೆ ಬಾವಿಯ ಪಂಪು ಸುಟ್ಟುಹೋದ ದಿವಸ ಬಹಳ ಹೊತ್ತು ಯಾರಿಗೂ ಏನೂ ಹೊಳೆಯಲಿಲ್ಲ. ಕೊನೆಗೆ ಮಾಂಯ್ ಅವರೇ "ಬಾವಿಯಲ್ಲಿ ನೀರು ಉಳಿಯಿತು" ಎಂದರು. ಆ ನೀರನ್ನು ಮರುದಿವಸದಿಂದ ಹಗ್ಗ ಹಾಕಿ ಸೇದಿದವಳು ನಾನು.

ಈ ಬಾಲವನ್ನು ಕತ್ತರಿಸಲು ನಾನು ಮಾಡದ ಉಪಾಯ ಇಲ್ಲ. ಕುಕ್ಕರನ್ನು ಒಲೆಯ ಮೇಲೆ ಇಟ್ಟು ಬಂದು, ಸೀಟಿ ಹೊಡೆಯಿತು ಎಂದು ಎದ್ದು ಹೋಗುವುದು ಒಂದು. ಮಾಂಯ್ ನನಗಾಗಿ ಪ್ರಾರ್ಥನೆ ನಿಲ್ಲಿಸಿ ಕಾದರು, ಆ ಉಪಾಯ ಅಲ್ಲಿಗೆ ಬಿತ್ತು. ಇನ್ನೊಂದು, ಪ್ರಾರ್ಥನೆಯಲ್ಲಿ ನಾವು ಉತ್ತರವಾಗಿ ಹೇಳುವ ಉತ್ತರಾರ್ಧವನ್ನು ನಮ್ಮ ಅಪ್ಪನ ವೇಗದಲ್ಲಿ ಹೇಳುವುದು. ಅವರು ತಮ್ಮ ಪೂರ್ವಾರ್ಧವನ್ನು ಅಷ್ಟೇ ನಿಧಾನ ಮಾಡಿ ಲೆಕ್ಕ ಸರಿ ಮಾಡಿದರು. ಇನ್ನು ಉಳಿದದ್ದು ನಿದ್ದೆ. ದಿನವಿಡೀ ನನ್ನ ಹೊಲಿಗೆ ಅಂಗಡಿಯಲ್ಲಿ ಕತ್ತರಿಸಿ ಹೊಲಿದು ಎರಡು ಬಸ್ಸು ಹತ್ತಿ ಇಳಿದು ಬಂದವಳು ಮೊಣಕಾಲೂರಿಯೇ ನಿದ್ದೆ ಮಾಡಲು ಕಲಿತೆ. ಒಮ್ಮೆ ಸ್ತುತಿಮಾಲೆಯ ನಡುವೆ, ಎಲ್ಲರೂ ನಮಗಾಗಿ ಪ್ರಾರ್ಥಿಸು ಎನ್ನುವ ಕಡೆಯಲ್ಲಿ, ನಾನು ಗಟ್ಟಿಯಾಗಿ "ಕುತ್ತಿಗೆ ಆರೂವರೆ, ತೋಳು ಸ್ವಲ್ಪ ಬಿಗಿ" ಎಂದೆನಂತೆ. ನೀಟಾ ನಕ್ಕು ನಕ್ಕು ಚಾಪೆಯ ಮೇಲೆ ಬಿದ್ದಳು. ಮಾಂಯ್ ನಗಲಿಲ್ಲ. ಆದರೆ ಆ ಸಂಜೆ ಬಾಲಕ್ಕೆ ಹೊಸತೊಂದು ಸೇರಿತು, 'ಕೆಲಸ ಇರುವ ಕೈಗಳಿಗಾಗಿ' ಎಂದು. ಕಷ್ಟ ಇಲ್ಲದೆ ಸೇರಿದ್ದು ಅದೊಂದೇ ಎಂದು ಕಾಣುತ್ತದೆ.

ಬಟ್ಟೆಯ ಮಾತಿನಿಂದ ಎಲ್ಲಿಗೋ ಹೋದೆ. ಮೊಣಕಾಲಿನ ವಿಷಯದಲ್ಲಿ ಇನ್ನೊಂದು ಹೇಳದೆ ಇರಲಾರೆ. ನೀಟಾ ಹಠ ಹಿಡಿದು ಮಂಗಳೂರಿನಿಂದ ಒಂದು ಜೀನ್ಸ್ ಪ್ಯಾಂಟು ತಂದಿದ್ದಳು, ಅಂಗಡಿಯಲ್ಲೇ ಮೊಣಕಾಲು ಹರಿದು ಕೊಡುವ ಜಾತಿಯದ್ದು. ಅದನ್ನು ಒಗೆದು ಹಗ್ಗದಲ್ಲಿ ಹಾಕಿದ್ದಳು. ನಾನು ನನ್ನ ಅಂಗಡಿಯಿಂದ ಬರುವಾಗ ಮಾಂಯ್ ಅದಕ್ಕೆ ಎರಡು ತೇಪೆ ಕೈಹೊಲಿಗೆಯಲ್ಲಿ ಹಾಕಿ, ಇಸ್ತ್ರಿ ಮಾಡಿದ ಹಾಗೆ ಮಡಚಿ, ಪೀಠದ ಕೆಳಗೆ ಇಟ್ಟಿದ್ದರು. ಮೊಮ್ಮಗಳು ಈ ಪ್ರಾಯಕ್ಕೇ ಇಷ್ಟು ಪ್ರಾರ್ಥಿಸಿದ್ದಾಳಲ್ಲ ಎಂದು ಕಣ್ಣು ಒರೆಸಿಕೊಂಡರು. ಮಗಳು ಒಳಗೆ ಹೋಗಿ ತಲೆದಿಂಬಿಗೆ ಮುಖ ಒತ್ತಿ ಅತ್ತಳು. ಆ ಹೊಲಿಗೆ ಮಾತ್ರ ಬಹಳ ಚೆನ್ನಾಗಿತ್ತು, ನಾನು ಕಲಿಸಿದ್ದಲ್ಲ, ಅವರೇ ನನಗೆ ಕಲಿಸಿದ್ದು.

ಹೌದು, ಹೊಲಿಗೆಯ ಮೊದಲ ಪಾಠ ನನಗೆ ಮಾಂಯ್ ಅವರದ್ದೇ. ಬಂದ್ಯೋಡಿನಲ್ಲಿ ರಸ್ತೆಬದಿಯ ಒಂದು ಕೋಣೆ ಹಿಡಿದು ಲಿಲ್ಲಿ ಲೇಡೀಸ್ ಟೈಲರ್ ಎಂದು ಬೋರ್ಡು ಹಾಕಿಕೊಳ್ಳಲು ಹೇಳಿದ್ದೂ ಅವರೇ. ಲಿಲ್ಲಿ ಎಂದರೆ ನಾನು. ಬ್ಯಾರಿ ಹೆಂಗಸರ ಮದುವೆಯ ಬಟ್ಟೆಗಳು, ಶಾಲೆಯ ಯೂನಿಫಾರ್ಮು, ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೊದಲ ಸಲ ಪರಮಪ್ರಸಾದ ಪಡೆಯುವ ಮಕ್ಕಳ ಬಿಳಿ ಗೌನುಗಳು, ಏನು ಹೇಳಿದರೂ ಹೊಲಿದೆ. ಬಿಳಿ ಗೌನು ಹೊಲಿಯುವಾಗ ಹೊಲಿಗೆಯ ಒಳಗೆ ಒಂದು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದೆ. ಅಕ್ಕನ ಗೌನು ಮುಂದೆ ತಂಗಿಗೆ ಬರುತ್ತದೆ, ತಂಗಿ ಸ್ವಲ್ಪ ದಪ್ಪ ಇದ್ದರೆ ಬಿಚ್ಚಿ ಅಗಲ ಮಾಡಬಹುದು. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ಇದನ್ನೂ ಮಾಂಯ್ ಹೇಳಿಕೊಟ್ಟದ್ದೇ.

ಕೆಂಪು ಹೇಂಟೆಯನ್ನು ತಮಾಷೆ ಮಾಡುತ್ತ ಕಾಲ ಹಾಕುತ್ತಿದ್ದವಳಿಗೆ ಪಂಪು ಸುಟ್ಟಲ್ಲಿಂದ ತಮಾಷೆ ನಿಂತಿತು. ಒಂದರ ಹಿಂದೆ ಒಂದು. ಸಿರಿಲ್ ಓಡಿಸುವ ಆಟೋದ ಗೇರ್‌ಬಾಕ್ಸು, ನನ್ನ ಬೆನ್ನು, ಹಂಚಿನ ಮಾಡು ಹೊತ್ತ ಮರದ ಪಕಾಸಿಗೆ ಗೆದ್ದಲು. ದೊಡ್ಡದು ಯಾವುದೂ ಅಲ್ಲ. ದೊಡ್ಡ ಕಷ್ಟ ಬಂದರೆ ಊರವರು ಬರುತ್ತಾರೆ, ಫಾದರ್ ಬರುತ್ತಾರೆ, ನಾವೂ ಸ್ವಲ್ಪ ಗಟ್ಟಿಯಾಗುತ್ತೇವೆ. ಇಂಥ ಸಣ್ಣಪುಟ್ಟದ್ದಕ್ಕೆ ಯಾರು ಬರುತ್ತಾರೆ? ಅವು ಸೊಳ್ಳೆಯ ಹಾಗೆ ನಿದ್ದೆ ಕೆಡಿಸುತ್ತವೆ ಅಷ್ಟೇ. ನಂಬಿಕೆ ಹೋಗಿತ್ತು ಎಂದು ನಾನು ಹೇಳುವುದಿಲ್ಲ. ದೇವರು ಇದ್ದಾನೆಂಬುದರಲ್ಲಿ ನನಗೆ ಒಂದು ದಿವಸವೂ ಸಂಶಯ ಬರಲಿಲ್ಲ. ಇದ್ದಾನೆಂದೇ ಸಿಟ್ಟು. ಆದರೆ ಸಿಟ್ಟಿಗೂ ತ್ರಾಣ ಬೇಕಲ್ಲ, ದಣಿದಿದ್ದೆ.

ಒಮ್ಮೆ ಬಾವಿಕಟ್ಟೆಯಲ್ಲಿ ಮಾಂಯ್ ಹತ್ತಿರ ಕೇಳಿಯೇ ಬಿಟ್ಟೆ. ಪಂಪು ಸುಟ್ಟರೂ ಅವನಿಗೆ ಪ್ರಾರ್ಥನೆ ಸಿಗುತ್ತದೆ, ಮಾಡು ಬಿದ್ದರೂ ಪ್ರಾರ್ಥನೆ ಸಿಗುತ್ತದೆ ಎಂದಾದರೆ ಅವನಾದರೂ ಯಾಕೆ ನಿಲ್ಲಿಸಬೇಕು, ನೀವೇ ರೂಢಿ ಮಾಡಿಸಿದ್ದು ಎಂದೆ. ಮಾಂಯ್ ಬಸಳೆ ಕುಡಿ ಚಿವುಟುತ್ತಿದ್ದರು. ಕೈ ನಿಂತಿತು. ಬಯ್ಯುತ್ತಾರೆ ಎಂದುಕೊಂಡೆ. ಹಾಗೆ ನಾನೂ ಒಮ್ಮೆ ಯೋಚಿಸಿದ್ದುಂಟು ಎಂದು ಹೇಳಿ ಮತ್ತೆ ಬಸಳೆ ಚಿವುಟತೊಡಗಿದರು.

ಆಮೇಲೆ ಅಂಗಡಿ ಹೋಯಿತು. ಹೈವೇ ಅಗಲ ಆಗಿ ಬಂದ್ಯೋಡು ಎರಡು ತುಂಡಾದದ್ದು ನಿಮಗೆ ಗೊತ್ತಿರಬಹುದು. ಮೊದಲು ಆಚೆಬದಿಯ ಹೆಂಗಸರು ಬಟ್ಟೆಯ ಪೊಟ್ಟಣ ಕಂಕುಳಲ್ಲಿಟ್ಟು ಒಂದು ಓಟದಲ್ಲಿ ದಾಟಿ ಬರುತ್ತಿದ್ದರು. ಈಗ ನಡುವೆ ಗೋಡೆ, ಬಿಸಿಲಲ್ಲಿ ಅಂಡರ್‌ಪಾಸಿನ ತನಕ ನಡೆದು ಸುತ್ತು ಹಾಕಿ ಬರಬೇಕು. ಒಂದು ಬ್ಲೌಸಿಗೆ ಯಾರು ಬರುತ್ತಾರೆ? ಫೋನಿನಲ್ಲಿ ಒತ್ತಿದರೆ ಹೊಲಿದ ಬಟ್ಟೆಯೇ ಮನೆಗೆ ಬರುತ್ತದೆ. ನನ್ನ ಹಳೆಯ ಗಿರಾಕಿ ನಫೀಸಾ ಒಬ್ಬರು ಮಂಡಿನೋವು ಕಟ್ಟಿಕೊಂಡು ಬರುತ್ತಿದ್ದರು, ಹೊಲಿಸಲಿಕ್ಕೆ ಏನೂ ಇಲ್ಲದಿದ್ದರೂ ತೋಳು ಬಿಗಿ ಮಾಡು, ತೋಳು ಸಡಿಲ ಮಾಡು ಎಂದು ಅದೇ ಬಟ್ಟೆಯನ್ನು ತಂದು ಕೊಡುತ್ತಿದ್ದರು. ಕೊನೆಗೆ ಕಟ್ಟಡದ ಯಜಮಾನರು ನಾಲ್ಕು ಕೋಣೆ ಒಟ್ಟು ಸೇರಿಸಿ ಮೊಬೈಲ್ ಅಂಗಡಿ ಮಾಡುತ್ತಾರೆಂದು ಬಹಳ ಸಂಕೋಚದಿಂದ ಬಂದು ಹೇಳಿದರು. ಅವರ ಸಂಕೋಚ ನೋಡಿ ನಾನೇ ಅವರಿಗೆ ಸಮಾಧಾನ ಹೇಳಿ ಕಳಿಸಿದೆ.

ಸಿರಿಲ್ ಆಟೋ ತಂದರು. ಮೆಷಿನು ಹಿಂದಿನ ಸೀಟಿನಲ್ಲಿ ಕೂತಿತು, ನಾನು ಅದನ್ನು ಹಿಡಿದುಕೊಂಡು ಕೂತೆ. ಬಟ್ಟೆ ಕತ್ತರಿಸುವ ದೊಡ್ಡ ಮೇಜು ಆಟೋದಲ್ಲಿ ಹಿಡಿಯದೆ ಅಲ್ಲೇ ಉಳಿಯಿತು. ಆ ಮೇಜಿನ ಅಂಚಿನಲ್ಲಿ ನಾನು ಅಳತೆಗೆ ಹಾಕಿದ ಗೀರುಗಳಿದ್ದವು. ಬೋರ್ಡು ಮನೆಗೆ ಬಂದು ಈಗ ಕೋಳಿಗೂಡಿನ ಮಾಡಾಗಿದೆ, ಮಳೆ ಬಂದರೆ ಲಿಲ್ಲಿಯ ಮೇಲೆಯೇ ಬೀಳುತ್ತದೆ.

ಆ ಸಂಜೆಯೂ ಜಪಸರ ಇತ್ತು. ಹೇಂಟೆ, ಹಂದಿ, ಗೊನೆ, ಪಂಪು ಎಲ್ಲ ಆಯಿತು. ಮಾಂಯ್ ತಿರುಗಿ ನೋಡಿ, ಎಂದಿಗಿಂತ ಮೆಲ್ಲಗೆ, "ಎಂತ ಉಳಿಯಿತು?" ಎಂದು ಕೇಳಿದರು. ಮೆಷಿನು ಉಳಿಯಿತು ಎಂದರು ಸಿರಿಲ್. ಗಿರಾಕಿ ಇಲ್ಲದ ಮೆಷಿನು ಇಸ್ತ್ರಿಪೆಟ್ಟಿಗೆ ಇಡಲಿಕ್ಕೆ ಆಗುತ್ತದೆ ಎಂದೆ. ಅಮ್ಮ ಇನ್ನು ಮನೆಯಲ್ಲೇ ಇರುತ್ತಾಳೆ ಎಂದಳು ನೀಟಾ. ನಾನು ಮನೆಯಲ್ಲಿರುವುದು ಯಾರಿಗೆ ಬೇಕಿತ್ತು ಎಂದು ಅವಳ ಮೇಲೆಯೇ ರೇಗಿದೆ. ನಾವು ಮೊಣಕಾಲೂರಿಯೇ ಇದ್ದೆವು. ಮಾಂಯ್ ಪೀಠದ ಅಂಚು ಹಿಡಿದುಕೊಂಡರು. ಪಂಪಿನ ದಿವಸದ ಹಾಗೆ ಅವರೇ ಏನಾದರೂ ಹೇಳುತ್ತಾರೆಂದು ಕಾದೆ. ನಿಜ ಹೇಳುತ್ತೇನೆ, ಹೇಳಲಿ ಎಂದು ಆಸೆಯೂ ಇತ್ತು.

"ನನಗೂ ಸಿಗುವುದಿಲ್ಲ," ಎಂದರು ಮಾಂಯ್.

ಸಿಗದಿದ್ದರೆ ಬಿಡುವ, ಊಟ ಮಾಡುವ ಎಂದೆ ನಾನು.

"ಬಿಡುವುದು ಬೇಡ ಲಿಲ್ಲಿ. ಪ್ರಾರ್ಥನೆ ಹೇಳುವ. ಕಾರಣದ ಜಾಗ ಖಾಲಿ ಇರಲಿ. ನೀನು ಮಕ್ಕಳ ಗೌನಿಗೆ ಒಳಗಿಂದ ಬಟ್ಟೆ ಬಿಡುವುದಿಲ್ಲವಾ, ಹಾಗೆ."

ಅವರು ಶುರು ಮಾಡಿದರು. ಸಿರಿಲ್ ಮತ್ತು ನೀಟಾ ಉತ್ತರ ಹೇಳಿದರು. ನನ್ನ ಬಾಯಿ ಬರಲಿಲ್ಲ. ಬರಲಿಲ್ಲ ಎಂದರೆ ನಾನು ತರಲಿಲ್ಲ. ಅಂದಿನಿಂದ ಪ್ರತಿ ಸಂಜೆ ಉಳಿದ ಬಾಲ ಎಲ್ಲ ಅವರೊಡನೆ ಹೇಳುತ್ತಿದ್ದೆ, ಕೊನೆಯ ಆ ಹೆಸರಿಲ್ಲದ ಪ್ರಾರ್ಥನೆ ಬಂದಾಗ ತುಟಿ ಮುಚ್ಚುತ್ತಿದ್ದೆ. ಮಾಂಯ್‌ಗೆ ಕೇಳಿಸುತ್ತಿತ್ತು, ನನಗೆ ಗೊತ್ತು. ಮೂರು ದನಿಗೂ ನಾಲ್ಕು ದನಿಗೂ ವ್ಯತ್ಯಾಸ ತಿಳಿಯದಷ್ಟು ಅವರ ಕಿವಿ ಹೋಗಿರಲಿಲ್ಲ. ಅವರು ಏನೂ ಕೇಳಲಿಲ್ಲ. ಕೇಳದ್ದೇ ನನಗೆ ಭಾರವಾಗುತ್ತಿತ್ತು. ಇಷ್ಟು ವರ್ಷ ಬಾಲ ಕತ್ತರಿಸಲು ಹೊರಟವಳಿಗೆ ಈಗ ಕತ್ತರಿ ಸಿಕ್ಕಿತ್ತು, ಸಂತೋಷ ಮಾತ್ರ ಸಿಗಲಿಲ್ಲ. ಒಂದು ಕಡೆ ಬಾಯಿ ಮುಚ್ಚಿದರೆ ಉಳಿದ ಕಡೆಯ ಪ್ರಾರ್ಥನೆಗೂ ರುಚಿ ಹೋಗುತ್ತದೆ. ಇಗರ್ಜಿಯಲ್ಲಿ ಪೂಜೆಯ ನಡುವೆಯೂ ಆ ಖಾಲಿ ಜಾಗ ನೆನಪಾಗುತ್ತಿತ್ತು. ಅಂಗಡಿ ಹೋಯಿತು ಸರಿ, ಇದೂ ಹೋದರೆ ನನ್ನ ಹತ್ತಿರ ಇನ್ನೇನು ಉಂಟು ಎಂದು ಹೆದರಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿವಸ ಬೆಳಗ್ಗೆ, ಮಧ್ಯಾಹ್ನದ ಅಡುಗೆಗೆ ಇನ್ನೂ ಹೊತ್ತಿತ್ತು, ನಾನು ಜಗಲಿಯಲ್ಲಿ ಯಾರದ್ದೋ ಪರದೆಗೆ ಅಂಚು ಹೊಲಿಯುತ್ತಿದ್ದೆ. ಬಾವಿಕಟ್ಟೆಯ ಕಡೆಯಿಂದ ಸ್ಟೀಲಿನ ಬೋಗುಣಿ ಬಿದ್ದ ಶಬ್ದ ಕೇಳಿತು. ಬೋಗುಣಿ ಬಿದ್ದು ಉರುಳಿ ನಿಂತ ಮೇಲೂ ಮಾಂಯ್ ಅದನ್ನು ಬಯ್ಯುವುದು ಕೇಳಲಿಲ್ಲ. ಅವರು ಕೈಯಿಂದ ಜಾರಿದ ಪಾತ್ರೆಯನ್ನು ಬಯ್ಯದೆ ಬಿಟ್ಟವರಲ್ಲ. ಓಡಿದೆ. ಬಸಳೆ ಚಪ್ಪರದ ಕೆಳಗೆ ಒಂದು ಬದಿಗೆ ಬಿದ್ದಿದ್ದರು, ಬಾಯಿ ಓರೆಯಾಗಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಸಿರಿಲ್‌ಗೆ ಫೋನು ಮಾಡಿ, ಅದೇ ಆಟೋದಲ್ಲಿ ಮೆಷಿನು ಹಿಡಿದ ಹಾಗೆ ಅವರನ್ನು ಹಿಡಿದುಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಹೊತ್ತಿಗೆ ಸರಿಯಾಗಿ ತಂದಿರಿ, ಇಲ್ಲದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಅರ್ಧ ಹೋಯಿತು.

ನೋಡಲು ಬಂದವರೆಲ್ಲ ನನಗೆ ಒಂದೇ ಮಾತು ಹೇಳಿದರು. ನಮ್ಮ ವಾಳೆಯ ಗುರ್ಕಾರರು, ಅಂದರೆ ಇಗರ್ಜಿಯ ಪರವಾಗಿ ನಮ್ಮ ಕೇರಿಯ ಮನೆಗಳ ಹೊಣೆ ಹೊತ್ತವರು, ಒಂದು ಪೊಟ್ಟಣ ಕಿತ್ತಳೆ ಹಿಡಿದುಕೊಂಡು ಬಂದು, "ನೋಡು ಲಿಲ್ಲಿ, ಅಂಗಡಿ ಮುಚ್ಚಿಸಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ? ನೀನು ಬಂದ್ಯೋಡಿನಲ್ಲಿ ಇರುತ್ತಿದ್ದರೆ ಇವರು ಉಳಿಯುತ್ತಿದ್ದರಾ?" ಎಂದರು. ಫಾದರ್ ಅದನ್ನೇ ಸ್ವಲ್ಪ ಚಂದ ಮಾಡಿ ಹೇಳಿದರು. ಫೋನಿನಲ್ಲಿ ನಫೀಸಾ ಕೂಡ, ಸೃಷ್ಟಿ ಮಾಡಿದವನಿಗೆ ಎಲ್ಲ ಗೊತ್ತುಂಟು ಮಾರಾಯ್ತಿ ಎಂದರು. ಯಾರದ್ದೂ ಸುಳ್ಳಲ್ಲ. ನಾನು ಅಂಗಡಿಯಲ್ಲಿರುತ್ತಿದ್ದರೆ ಮಾಂಯ್ ಇರುತ್ತಿರಲಿಲ್ಲ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಬೋಗುಣಿಯ ಶಬ್ದ ಈಗಲೂ ನನ್ನ ಕಿವಿಯಲ್ಲಿ ಉಂಟು.

ಆದರೂ ಪ್ರತಿಯೊಬ್ಬರು ಹೇಳುವಾಗಲೂ ಒಳಗೆ ಏನೋ ಚುಚ್ಚುತ್ತಿತ್ತು. ಒಬ್ಬ ಮುದುಕಿಯನ್ನು ಉಳಿಸಲು ಊರನ್ನು ಎರಡು ತುಂಡು ಮಾಡಿ ಹೈವೇ ಹಾಕಿಸಬೇಕಾದರೆ ದೇವರಿಗೆ ಬೇರೆ ದಾರಿಯೇ ಗೊತ್ತಿಲ್ಲವಾ ಎಂದು ಬಾಯಿಯ ತನಕ ಬರುತ್ತಿತ್ತು. ಹೇಳಿದರೆ ಕೃತಘ್ನಳಾಗುತ್ತೇನೆ. ಅತ್ತೆಯ ಜೀವಕ್ಕಿಂತ ಅಂಗಡಿ ಹೆಚ್ಚಾಯಿತಾ ಎಂದು ಕೇಳುತ್ತಾರೆ. ಹೆಚ್ಚಲ್ಲ. ಆದರೆ ನನ್ನ ಅಂಗಡಿಗಾಗಿ ಬೇಸರಿಸುವ ಹಕ್ಕು ಕೂಡ ಅಂದಿಗೆ ಹೋಯಿತು ಎಂದು ಅನಿಸಿತು. ಅಂಗಡಿ ಹೋದಾಗ ಅಳಲಿಲ್ಲ, ಇನ್ನು ಅಳುವ ಹಾಗೂ ಇಲ್ಲ. ಒಳ್ಳೆಯದೇ ಆಯಿತಲ್ಲ ಎಂದು ನಗಬೇಕು. ದಣಿದವಳಿಗೆ ಅದೂ ಒಂದು ದಾರಿಯೇ. ಖಾಲಿ ಜಾಗಕ್ಕೆ ಇದನ್ನು ತುಂಬಿಸಿ ಮುಗಿಸಿಬಿಡುವ ಎಂದು ನಾನು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ನಿಶ್ಚಯ ಮಾಡಿದೆ.

ಮಾಂಯ್ ಮನೆಗೆ ಬಂದ ಸಂಜೆ ಅವರ ಮಂಚವನ್ನು ಪೀಠದ ಕೋಣೆಗೇ ತಂದು ಹಾಕಿದೆವು. ಜಪಸರ ಯಾರು ಹೇಳುವುದು ಎಂದು ಎಲ್ಲರೂ ನನ್ನನ್ನು ನೋಡಿದರು. ಶುರು ಮಾಡಿದೆ. ಐದು ರಹಸ್ಯ ಆಯಿತು, ಸ್ತುತಿಮಾಲೆ ಆಯಿತು, ಹಾಡು ಆಯಿತು. ಬಾಲಕ್ಕೆ ಬಂದಾಗ, ಇದನ್ನೆಲ್ಲ ಯಾರು ನೆನಪಿಟ್ಟಿದ್ದಾರೆ, ಎರಡು ಮೂರು ಹೇಳಿ ಮುಗಿಸುವ ಎಂದುಕೊಂಡೆ. ಬಾಯಿ ತೆರೆದರೆ ಒಂದರ ಹಿಂದೆ ಒಂದು ತಾನಾಗಿ ಬರುತ್ತಿದೆ. ಕೊಟ್ಟಿಗೆಗೆ ಬಂದು ಯಾರನ್ನೂ ಕಚ್ಚದೆ ಹೋದ ಹಾವಿಗಾಗಿ. ತೊಟ್ಟಿಲ ಬದಿಗೆ ಬಿದ್ದ ಹಂಚಿಗಾಗಿ. ಕೆಂಪು ಹೇಂಟೆಗಾಗಿ. ನಿದ್ದೆಗಣ್ಣಿನಲ್ಲಿ, ಸಿಟ್ಟಿನಲ್ಲಿ, ಕುಕ್ಕರಿನ ಸೀಟಿಗೆ ಕಿವಿ ಕೊಟ್ಟು ಹೇಳಿದ್ದೆಲ್ಲ ಒಳಗೆ ಹೋಗಿ ಕೂತಿತ್ತು. ಹಂದಿಯನ್ನೂ ಗೊನೆಯನ್ನೂ ಹಿಂದೆ ಮುಂದೆ ಮಾಡಿದ್ದಕ್ಕೆ ಮಾಂಯ್ ಎಡಗೈ ಬೆರಳಿನಿಂದ ಮಂಚದ ಪಟ್ಟಿಗೆ ತಟ್ಟಿದರು. ಸರಿ ಮಾಡಿದೆ.

ಕೆಲಸ ಇರುವ ಕೈಗಳಿಗಾಗಿ ಎಂಬಲ್ಲಿಗೆ ಬಂದೆ. ದಾಟಿದೆ. ಪಂಪು, ಗೇರ್‌ಬಾಕ್ಸು, ಗೆದ್ದಲು ಆಯಿತು. ಆಮೇಲೆ ಆ ಖಾಲಿ ಜಾಗ.

ಇದಕ್ಕೆ ಈಗ ಕಾರಣ ಸಿಕ್ಕಿತಲ್ಲ, ಅಜ್ಜಿ ಉಳಿದದ್ದು ಎಂದು ಹಾಕುವ ಎಂದಳು ನೀಟಾ. ಸಿರಿಲ್ ತಲೆ ಆಡಿಸಿದರು. ನಾನೂ ಮಂಚದ ಕಡೆ ತಿರುಗಿ, ಮಾಂಯ್, ಹಾಗೆ ಹಾಕುವ ಅಲ್ಲವಾ, ಅಂಗಡಿ ಹೋದದ್ದಕ್ಕೇ ನೀವು ಉಳಿದಿರಿ ಎಂದು ಎಲ್ಲರೂ ಹೇಳುತ್ತಾರೆ ಎಂದೆ. ನನ್ನ ಸ್ವರ ನನಗೇ ಗುರ್ಕಾರರ ಸ್ವರದ ಹಾಗೆ ಕೇಳಿತು.

ಮಾಂಯ್ ಬಾಯಿ ತೆರೆದರು. ಶಬ್ದ ಬಂತು, ಮಾತು ಬರಲಿಲ್ಲ. ನೀರು ಬೇಕೇನೋ ಎಂದು ನೀಟಾ ಎದ್ದಳು. ಬೇಡ ಎಂದು ಎಡಗೈ ಬೀಸಿದರು. ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು. ನಾನು ಹತ್ತಿರ ಹೋಗಿ ಬಗ್ಗಿದೆ.

"ಅದು ಬೇರೆ," ಎಂದರು. ಉಸಿರು ತೆಗೆದುಕೊಂಡರು. "ಇದು ಬೇರೆ."

ನಾನು ಅಲ್ಲೇ ಮಂಚದ ಪಟ್ಟಿ ಹಿಡಿದು ನಿಂತೆ.

"ಅಂಗಡಿ... ಹೋಯಿತು," ಎಂದರು ಮಾಂಯ್. ಎಡಗೈಯಿಂದ ನನ್ನ ಕೈ ಹುಡುಕಿ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. "ಪಾಪ... ನನ್ನ ಲಿಲ್ಲಿಯ ಅಂಗಡಿ."

ಅಂಗಡಿ ಹೋಗಿ ಎಷ್ಟೋ ತಿಂಗಳಾದ ಮೇಲೆ ನಾನು ಅತ್ತದ್ದು ಆಗ. ಸಣ್ಣ ಮಕ್ಕಳ ಹಾಗೆ, ಮಂಚದ ಪಟ್ಟಿಗೆ ಹಣೆ ಇಟ್ಟು, ಸ್ವರ ಬಿಟ್ಟು ಅತ್ತೆ. ನೀಟಾ ಗಾಬರಿಯಾಗಿ ನೋಡುತ್ತಿದ್ದಳು. ಸಿರಿಲ್ ನೆಲ ನೋಡುತ್ತಿದ್ದರು. ಇಷ್ಟು ಜನ ಇಷ್ಟು ಸಮಾಧಾನ ಹೇಳಿದರಲ್ಲ, ಹೋದದ್ದು ಹೋಯಿತು, ಪಾಪ ಎಂದು ಇದುವರೆಗೆ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದು, ಎಲ್ಲದರಲ್ಲೂ ಉಳಿದದ್ದನ್ನು ಹುಡುಕಿಸುತ್ತಿದ್ದ ಈ ಮುದುಕಿ.

ಮೂಗು ಒರೆಸಿಕೊಂಡು ಮತ್ತೆ ಚಾಪೆಗೆ ಬಂದು ಮೊಣಕಾಲೂರಿದೆ. ಖಾಲಿ ಜಾಗಕ್ಕೆ ಏನೂ ಹೇಳದೆ ತಂದೆಯ ಪ್ರಾರ್ಥನೆ ಶುರು ಮಾಡಿದೆ. ಈ ಸಲ ನನ್ನ ಬಾಯಿ ಬಂತು. ಅದು ಮುಗಿದ ಮೇಲೆ, ಮಾಂಯ್ ಉಳಿದದ್ದಕ್ಕಾಗಿ ಎಂದು ಬೇರೆಯೇ ಒಂದು ಹೇಳಿದೆವು. ನಾವು ಬೆಸಾಂವ್ ಕೇಳಿದಾಗ ಮಾಂಯ್ ಎಡಗೈ ಎತ್ತಿ ಕೊಟ್ಟರು. ಅನ್ನ ತಣ್ಣಗಾಗಿತ್ತು, ಗಂಜಿ ಮಾಡಿ ಅವರಿಗೆ ಉಣಿಸಿದೆ.

ಕಷ್ಟ ಅಲ್ಲಿಗೆ ನಿಂತಿತು ಎಂದು ತಿಳಿಯಬೇಡಿ. ಪಕಾಸಿನ ಗೆದ್ದಲು ಹಾಗೆಯೇ ಉಂಟು, ನನ್ನ ಬೆನ್ನೂ ಹಾಗೆಯೇ. ಜಗಲಿಯ ಮೆಷಿನಿಗೆ ಪರದೆ, ತಲೆದಿಂಬು ಬರುತ್ತವೆ, ಬಿಳಿ ಗೌನು ಬರುವುದಿಲ್ಲ. ಬಾಲ ಮೊದಲಿಗಿಂತ ಉದ್ದವಾಗಿದೆ, ಅದಕ್ಕೇ ನೈಟಿಗೆ ಈ ತೇಪೆ. ಸಂಜೆ ಆ ಹೆಸರಿಲ್ಲದ ಪ್ರಾರ್ಥನೆಗೆ ಬಂದಾಗ ನಾನು ಸ್ವಲ್ಪ ನಿಲ್ಲುತ್ತೇನೆ. ಮಾಂಯ್ ಮಂಚದಿಂದ ನನ್ನನ್ನು ನೋಡುತ್ತಾರೆ. ಕಾರಣ ಏನೂ ಸಿಕ್ಕಿಲ್ಲ ಎಂದು ತಲೆ ಆಡಿಸುತ್ತೇನೆ. ಆಮೇಲೆ ಪ್ರಾರ್ಥನೆ ಹೇಳುತ್ತೇನೆ.